ಗಾಜಿಗೆ ಗುರುತು ಸಿಗದ ಬೆರಳು

ಸ್ಲೇಟಕ್ಕನಿಗೆ ಆ ಹೆಸರು ಬಂದದ್ದು ಗೋದಾಮಿನಲ್ಲಿ. ನೀರೆತ್ತುವ ಪಂಪುಗಳ ಬಿಡಿಭಾಗ ಮಾರುವ ಕಂಪನಿಯ ಗೋದಾಮು ಅದು. ಸೂರು ಮುಟ್ಟುವ ಕಬ್ಬಿಣದ ರ‍್ಯಾಕುಗಳು, ಅವುಗಳ ತುಂಬ ಬೇರಿಂಗು, ವಾಷರು, ರಬ್ಬರ್ ಉಂಗುರ, ಬೆಲ್ಟು, ಎಲ್ಲದರ ಮೇಲೂ ಗ್ರೀಸಿನ ವಾಸನೆ. ಯಾವ ಖಾನೆಯಲ್ಲಿ ಏನು ಎಷ್ಟಿದೆ ಎಂದು ಎಣಿಸಿ ಬರೆಯುವುದು ಅವಳ ಕೆಲಸ. ಸೇರಿದ ಹೊಸತರಲ್ಲಿ ರಟ್ಟಿನ ಕಾರ್ಡುಗಳ ಮೇಲೆ ಬರೆಯುತ್ತಿದ್ದಳು. ಸಂಜೆ ಆಫೀಸಿನ ಕೋಣೆಯಲ್ಲಿ ಇನ್ನೊಬ್ಬರು ಆ ಕಾರ್ಡುಗಳನ್ನು ನೋಡಿಕೊಂಡು ಅದನ್ನೇ ಮತ್ತೆ ಕಂಪ್ಯೂಟರಿಗೆ ಹಾಕುತ್ತಿದ್ದರು. ಮನೆಯಲ್ಲಿ ತೊಳೆದ ತಟ್ಟೆಯನ್ನೇ ದಿನಕ್ಕೆ ಮೂರು ಸಲ ತೊಳೆಯುವವಳಿಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಒಂದು ದಿನ ಮಾಲೀಕರು ವಸ್ತುಪ್ರದರ್ಶನಕ್ಕೆ ಹೋಗಿ ಬಂದವರು ಒಂದು ಕರಿ ಹಲಗೆಯನ್ನು ಮೇಜಿನ ಮೇಲೆ ದೊಪ್ಪನೆ ಇಟ್ಟರು. ಕೀಲಿಮಣೆ ಇಲ್ಲ. ಬೂದು ಬಣ್ಣದ ಪರದೆ, ಪಕ್ಕದಲ್ಲಿ ದಾರದಿಂದ ಕಟ್ಟಿದ ಪೆನ್ನು. ಆ ಪೆನ್ನಿನಲ್ಲಿ ಪರದೆಯ ಮೇಲೆ ಬರೆದರೆ ಕಂಪ್ಯೂಟರೇ ಓದಿಕೊಳ್ಳುತ್ತದಂತೆ. ಇವತ್ತಿನ ತೆಳ್ಳಗಿನ ಟ್ಯಾಬ್ ಕಂಡವರು ನಂಬುವುದು ಕಷ್ಟ, ಆದರೆ ಟ್ಯಾಬ್‌ಗಳ ಮೊದಲ ತಲೆಮಾರು ಇಂಥದೇ. ಅದು ಸೋಫಾದ ಮೇಲೆ ಒರಗಿ ಸಿನಿಮಾ ನೋಡುವವರ ಮನೆಗೆ ಬರಲಿಲ್ಲ, ನಿಂತುಕೊಂಡು ಎಣಿಸುವವರ ಕೈಗೆ ಬಂತು. ಗೋದಾಮಿನವರು, ಮೀಟರ್ ಓದುವವರು, ಬೀದಿ ಬೀದಿ ತಿರುಗಿ ವಿವರ ಬರೆದುಕೊಳ್ಳುವವರು, ಇಂಥವರ ಕೈಗೆ.

ಗಂಡಸರು ಒಬ್ಬೊಬ್ಬರಾಗಿ ಅದನ್ನು ಎತ್ತಿ ನೋಡಿ ಕೆಳಗಿಟ್ಟರು. ಭಾರ. ಮಧ್ಯಾಹ್ನದ ಹೊತ್ತಿಗೆ ಅದರ ಬ್ಯಾಟರಿಯೂ ಸಾಯುತ್ತಿತ್ತು, ಹೊತ್ತವರ ತೋಳೂ ಸಾಯುತ್ತಿತ್ತು.

"ಹೆಂಗಸರಿಗೆ ಕೊಡಿ ಸಾರ್, ಮಗು ಎತ್ತಿಕೊಂಡು ಅಭ್ಯಾಸ ಇರತ್ತೆ," ಎಂದು ಒಬ್ಬ ನಕ್ಕ.

"ಕೊಡಿ, ಇದು ಅಳಲ್ವಲ್ಲ," ಎಂದು ಅವಳು ಕೈಚಾಚಿದಳು. ಅಂದಿನಿಂದ ಎಲ್ಲರ ಬಾಯಲ್ಲಿ ಆ ಹಲಗೆ ಸ್ಲೇಟು, ಅವಳು ಸ್ಲೇಟಕ್ಕ.

ಅಳಲಿಲ್ಲ, ಆದರೆ ಹಟ ಮಾಡಿತು. ಅವಳು ಬರೆದ ಒಂದನ್ನು ಏಳು ಎಂದು ಓದಿತು, ಸೊನ್ನೆಯನ್ನು ಆರು ಎಂದು ಓದಿತು. ಒಂದಕ್ಕೊಂದು ತಾಗದ ಹಾಗೆ, ಡಬ್ಬಿ ಜೋಡಿಸಿದ ಹಾಗೆ ಬರೆದರೆ ಮಾತ್ರ ಅದಕ್ಕೆ ತಿಳಿಯುತ್ತಿತ್ತು. ಅವಳು ಹಾಗೇ ಬರೆಯಲು ಕಲಿತಳು. ಕೊನೆಗೆ ಮಗಳ ಶಾಲೆಯ ಪುಸ್ತಕದ ಮೇಲೆ ಹೆಸರು ಬರೆದರೂ ಅದೇ ಡಬ್ಬಿ ಅಕ್ಷರ. ಪ್ಯಾಕಿಂಗ್ ಬೆಂಚಿನಲ್ಲಿ ಒಬ್ಬ ಗೆಳತಿಯಿದ್ದಳು. ಅಂಟು ಟೇಪನ್ನು ಹಲ್ಲಿನಲ್ಲೇ ಕಚ್ಚಿ ಹರಿಯುತ್ತಿದ್ದುದರಿಂದ ಅವಳು ಎಲ್ಲರಿಗೂ ಟೇಪಮ್ಮ. ಅವಳಿಗೆ ಇದು ಸರಿಬರಲಿಲ್ಲ.

"ಅಲ್ಲ ಕಣೇ, ಅದು ನಿನ್ನ ಅಕ್ಷರ ಕಲೀಬೇಕಾ, ನೀನು ಅದರದ್ದು ಕಲೀಬೇಕಾ?"

"ಮದುವೆ ಆದ್ಮೇಲೆ ಏಳೋ ಹೊತ್ತು, ಕೂರೋ ಜಾಗ, ನಗೋ ಸದ್ದು ಎಲ್ಲಾ ಬದಲಾಯಿಸ್ಕೊಂಡಿದೀನಿ. ಒಂದು 'ಒಂದು' ಬದಲಾಯಿಸ್ಕೊಳ್ಳೋದು ಏನು ದೊಡ್ಡದು."

ತಮಾಷೆಗೆ ಹೇಳಿದರೂ ಅವಳಿಗೆ ಆ ಹಲಗೆಯ ಮೇಲೆ ಒಳಗೊಳಗೇ ಕೃತಜ್ಞತೆಯಿತ್ತು. ಅದರ ಮೇಲೆ ಬರೆದದ್ದು ಸಂಜೆ ಒಂದು ತಂತಿ ಸಿಕ್ಕಿಸಿದರೆ ಬರೆದ ಹಾಗೇ ಆಫೀಸಿನ ಕಂಪ್ಯೂಟರಿಗೆ ಹೋಗುತ್ತಿತ್ತು. ಒಮ್ಮೆ ಮಾಡಿದ ಕೆಲಸ ಒಮ್ಮೆಗೇ ಮುಗಿಯುತ್ತದೆ ಎಂಬುದನ್ನು ಅವಳು ಬದುಕಿನಲ್ಲಿ ಮೊದಲು ಕಂಡದ್ದು ಅಲ್ಲಿ. ಪಟ್ಟಿ ಕಟ್ಟಿದ ಹಲಗೆಯನ್ನು ಕೊರಳಿಗೆ ಹಾಕಿಕೊಂಡು ರ‍್ಯಾಕುಗಳ ನಡುವಿನ ಓಣಿಯಲ್ಲಿ ನಡೆಯುವಾಗ ಯಾರೂ ಅವಳನ್ನು ಕೂಗಿ ನೀರು ಕೇಳುತ್ತಿರಲಿಲ್ಲ, ಕಾಣೆಯಾದ ಕಾಲುಚೀಲ ಎಲ್ಲಿದೆ ಎಂದು ಕೇಳುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಎರಡನೆಯದು ಬಂತು. ಅದು ಮಡಚುವ ಕಂಪ್ಯೂಟರು, ಪರದೆಯನ್ನು ತಿರುಗಿಸಿ ಮಲಗಿಸಿದರೆ ಹಲಗೆಯಾಗುತ್ತಿತ್ತು. ಬಣ್ಣದ ಪರದೆ, ಒಳಗೆ ಗುಯ್ಯೆನ್ನುವ ಫ್ಯಾನು. ಮುಂಗೈ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ನಡೆದರೆ ಚರ್ಮ ಕಾದು ಕೆಂಪಾಗುತ್ತಿತ್ತು. ಅದಕ್ಕೆ ಅದರದೇ ಪೆನ್ನು ಬೇಕು. ಬೇರೆ ಪೆನ್ನನ್ನೂ ಅದು ಒಪ್ಪುತ್ತಿರಲಿಲ್ಲ, ಯಾರ ಬೆರಳನ್ನೂ ಒಪ್ಪುತ್ತಿರಲಿಲ್ಲ. ಮಾಲೀಕರ ಬೆರಳೂ ಅಷ್ಟೆ, ಗುಡಿಸುವವಳ ಬೆರಳೂ ಅಷ್ಟೆ. ಸ್ಲೇಟಕ್ಕ ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಓಡಾಡಿದಳು. ಇಡೀ ಗೋದಾಮು ಅವಳ ತಲೆಯಲ್ಲಿದೆ ಎಂದು ಜನ ಹೇಳುವಷ್ಟು ಕಾಲ ಓಡಾಡಿದಳು.

ಮೂರನೆಯದು ಬಂದಾಗ ಮಾಲೀಕರು ಮನೆಯಲ್ಲಿ ಕೂತಿದ್ದರು, ವ್ಯವಹಾರವೆಲ್ಲ ಹೊಸ ಮ್ಯಾನೇಜರ ಕೈಯಲ್ಲಿತ್ತು. ಈ ಸಲದ್ದು ಹಲಗೆಯೂ ಅಲ್ಲ, ಬರೀ ಗಾಜು. ಪೆನ್ನಿಲ್ಲ, ಫ್ಯಾನಿಲ್ಲ, ಒಂದು ಕೈಯಲ್ಲಿ ಹಿಡಿಯಬಹುದು. ಮಾರಿದ ಕಂಪನಿಯವರು ಕಲಿಸಲು ಒಬ್ಬ ಹುಡುಗಿಯನ್ನು ಕಳಿಸಿದ್ದರು. ಗಟ್ಟಿ ದನಿ, ಚುರುಕು ಕಣ್ಣು, ಬೆನ್ನಿಗೆ ಚೀಲ.

"ಮುಟ್ಟಿದ್ರೆ ಸಾಕು, ಒತ್ತಬೇಡಿ. ಹೂ ಮುಟ್ಟಿದ ಹಾಗೆ," ಎಂದಳು.

ಸ್ಲೇಟಕ್ಕ ಹೂ ಮುಟ್ಟಿದ ಹಾಗೆ ಮುಟ್ಟಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಮುಟ್ಟಿದಳು. ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತಿದಳು. ಚಿತ್ರಗಳು ಕೂತಲ್ಲೇ ಕೂತಿದ್ದವು. ಪಕ್ಕದ ಗಂಡಸು ಅವಳ ಭುಜದ ಮೇಲಿಂದ ಕೈ ತಂದು ಟಕ್ಕೆಂದು ಮುಟ್ಟಿದ, ಪರದೆ ತೆರೆದುಕೊಂಡಿತು. "ಇಷ್ಟೇ ಅಕ್ಕ," ಎಂದ. ಅವನು ಪರದೆಯನ್ನು ಮೊದಲಿನಂತೆ ಮಾಡಿ ಕೊಟ್ಟ ಮೇಲೆ ಅವಳು ಮತ್ತೆ ಮುಟ್ಟಿದಳು. ಇಲ್ಲ.

ದಿನ ಕಳೆದರೂ ಹೀಗೇ. ಹತ್ತು ಸಲ ಮುಟ್ಟಿದರೆ ಒಂದು ಸಲ ಕೇಳಿಸಿಕೊಳ್ಳುತ್ತಿತ್ತು, ಅದೂ ಅದರ ಮರ್ಜಿ. ಮ್ಯಾನೇಜರು ಕೆಟ್ಟವರಲ್ಲ. ಒಳಗೆ ಕರೆದು, ಕುರ್ಚಿ ಕೊಟ್ಟು ಹೇಳಿದರು.

"ನೋಡಿ, ಒಂದು ವಯಸ್ಸಾದ ಮೇಲೆ ಕೆಲವರಿಗೆ ಹೊಸದು ಹತ್ತಲ್ಲ. ತಪ್ಪೇನಿಲ್ಲ. ಈ ತಿಂಗಳ ಕೊನೆಗೆ ಒಂದು ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಪ್ಯಾಕಿಂಗಿಗೆ ಹಾಕ್ತೀನಿ. ಕೂತು ಮಾಡೋ ಕೆಲಸ, ನಿಮಗೂ ಆರಾಮ."

ಆರಾಮ ಎಂಬ ಮಾತನ್ನು ಅವಳು ಮನಸ್ಸಿನಲ್ಲೇ ತಿರುವಿ ನೋಡಿದಳು. ಆ ಓಣಿಗಳೇ ಅವಳ ಆರಾಮ. ಅವು ಕೈಬಿಟ್ಟರೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಬೆಂಚು, ಒಂದೇ ಪೆಟ್ಟಿಗೆ, ಒಂದೇ ಟೇಪು. ಸಂಜೆಯಿಂದ ಅಡುಗೆಮನೆ. ತನ್ನ ತಲೆ ಮೊಂಡಾಗಿದೆ ಎಂದೇ ಅವಳೂ ನಂಬಿದಳು. ಎರಡು ಯಂತ್ರಗಳನ್ನು ಪಳಗಿಸಿದವಳು ಮೂರನೆಯದರ ಮುಂದೆ ಹೀಗೆ ಸೋತರೆ ಇನ್ನೇನು ಅರ್ಥ?

ಒಂದು ಮಧ್ಯಾಹ್ನ ಬಗ್ಗಿ ಕೂತು ಎರಡೂ ಕೈಯಲ್ಲಿ ಬೇರಿಂಗಿನ ಪೆಟ್ಟಿಗೆ ಹಿಡಿದಿದ್ದಳು. ಟ್ಯಾಬು ಎದುರಿನ ಖಾನೆಯಲ್ಲಿ ಒರಗಿತ್ತು. ಸಿಟ್ಟಿಗೋ ಹತಾಶೆಗೋ ಮುಖ ಮುಂದೆ ಮಾಡಿ ಮೂಗಿನಲ್ಲಿ ಒಂದು ಗುದ್ದು ಕೊಟ್ಟಳು. ಪರದೆ ತೆರೆದುಕೊಂಡಿತು. ಮತ್ತೆ ಮೂಗು ಇಟ್ಟಳು. ಮುಂದಿನ ಪುಟ.

ಅಲ್ಲಿಂದ ಅವಳು ಬೆಲ್ಟುಗಳ ರ‍್ಯಾಕಿನ ಹಿಂದೆ ಹೋಗಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮೂಗಿನಲ್ಲಿ ಲೆಕ್ಕ ಹಾಕತೊಡಗಿದಳು. ಟೇಪಮ್ಮನಿಗೆ ಮಾತ್ರ ಗೊತ್ತಿತ್ತು. "ನೆಗಡಿ ಬಂದ್ರೆ ರಜಾ ಹಾಕ್ಬೇಕಾಗತ್ತೆ ನೋಡು," ಎಂದು ಅವಳು ನಗುತ್ತಿದ್ದಳು.

ಕಲಿಸುವ ಹುಡುಗಿ ಒಂದು ದಿನ ಬೆಲ್ಟು ರ‍್ಯಾಕಿನ ತುದಿಯಲ್ಲಿ ಬಂದು ನಿಂತದ್ದು ಸ್ಲೇಟಕ್ಕನಿಗೆ ಗೊತ್ತಾಗಲಿಲ್ಲ. ತಲೆಯೆತ್ತಿದಾಗ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಸ್ಲೇಟಕ್ಕನ ಮುಖ ಬಿಸಿಯಾಯಿತು. ಆದರೆ ಹುಡುಗಿ ನಗಲಿಲ್ಲ.

"ಅಕ್ಕ, ಮೂಗಲ್ಲಿ ಆಗತ್ತಾ?"

"ಆಗತ್ತೆ ಕಂದ. ಯಾರಿಗೂ ಹೇಳ್ಬೇಡ."

"ಮೂಗಿಗೆ ಆಗತ್ತೆ, ಬೆರಳಿಗೆ ಆಗಲ್ಲ ಅಂದ್ರೆ ತಲೆ ಸರಿ ಇದೆ ಅಂತ ಆಯ್ತಲ್ಲ. ಕೈ ಕೊಡಿ ಇಲ್ಲಿ."

ಹುಡುಗಿ ಅವಳ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಬೆರಳ ತುದಿಗಳು ಒಣಗಿ, ಗಟ್ಟಿಯಾಗಿ, ಉಜ್ಜಿದ ಹಲಗೆಯ ಹಾಗೆ ನುಣುಪಾಗಿದ್ದವು. ಗೆರೆಗಳು ಹುಡುಕಿದರೂ ಸಿಗುವ ಹಾಗಿರಲಿಲ್ಲ. ಅಂಚುಗಳಲ್ಲಿ ಸಣ್ಣ ಬಿರುಕುಗಳು.

"ಏನು ಕೆಲಸ ಮಾಡ್ತೀರಿ ಅಕ್ಕ?"

"ಇದೇ. ನೋಡ್ತಿದೀಯಲ್ಲ."

"ಮನೇಲಿ?"

"ಮನೇಲಿ ಏನು ಕೆಲಸ? ಮನೆಕೆಲಸ."

ಹುಡುಗಿ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತು ತಿಳಿಸಿ ಹೇಳಿದಳು. ಮೊದಲಿನ ಹಲಗೆಗೆ ಒತ್ತಡ ಸಾಕಾಗಿತ್ತು, ಕೋಲಿನಲ್ಲಿ ಒತ್ತಿದರೂ ಗೊತ್ತಾಗುತ್ತಿತ್ತು. ಈ ಗಾಜಿಗೆ ಒತ್ತಡ ಬೇಡ, ಚರ್ಮ ಬೇಕು. ಗಾಜಿನ ಮೇಲೆ ತೀರಾ ಸಣ್ಣ ವಿದ್ಯುತ್ತು ಇರುತ್ತದೆ, ತೇವವಿರುವ ಚರ್ಮ ತಾಗಿದರೆ ಅದರಲ್ಲಿ ಒಂದಿಷ್ಟು ಮೈಗೆ ಹರಿದು ಗಾಜಿಗೆ ತಿಳಿಯುತ್ತದೆ. ಚರ್ಮ ಒಣಗಿ ದಪ್ಪಗಾಗಿದ್ದರೆ ತಿಳಿಯುವುದಿಲ್ಲ. ಎದುರಿಗೆ ಮನುಷ್ಯರಿದ್ದಾರೆ ಎಂದೇ ಅದಕ್ಕೆ ಅನ್ನಿಸುವುದಿಲ್ಲ.

"ಸೋಪಿನ ಪುಡಿ, ಆ ಸ್ಟೀಲ್ ನಾರು, ಇವನ್ನ ಮುಟ್ಟದೆ ಸ್ವಲ್ಪ ದಿನ ಬಿಟ್ಟು, ಎಣ್ಣೆ ಹಚ್ಚಿ. ಚರ್ಮ ವಾಪಸ್ ಬರತ್ತೆ. ತಿಂಗಳ ಕೊನೆಗೆ ಇನ್ನೂ ಸಮಯ ಇದೆ."

"ಮುಟ್ಟದೆ ಬಿಡೋದಾ," ಎಂದು ಸ್ಲೇಟಕ್ಕ ನಕ್ಕಳು. ಉಸಿರಾಡದೆ ಬಿಡಿ ಎಂದಿದ್ದರೂ ಹೀಗೇ ನಗುತ್ತಿದ್ದಳು.

ಮನೆಯಲ್ಲಿ ಅತ್ತೆ ಮತ್ತು ಗಂಡ. ಮಗಳು ಓದಲು ಬೇರೆ ಊರಿನ ಹಾಸ್ಟೆಲಿನಲ್ಲಿದ್ದಳು. ಗಂಡ ಸಿಟಿ ಬಸ್ಸಿನ ಚಾಲಕ. ಗೋದಾಮಿನ ಮುಂದೆ ಹಾದುಹೋಗುವ ರೂಟೇ ಅವನದು, ಗೋದಾಮಿನವರಲ್ಲಿ ಮುಕ್ಕಾಲು ಪಾಲು ಬೆಳಿಗ್ಗೆ ಅವನ ಬಸ್ಸಿನಲ್ಲೇ ಬರುತ್ತಿದ್ದರು. ಅತ್ತೆ ಮಾತು ಕಮ್ಮಿಯ ಹೆಂಗಸು. ಸೊಸೆ ಬಂದ ವಾರದಲ್ಲೇ ಅವಳ ಕೈಗೆ ಪಾತ್ರೆ ಉಜ್ಜುವ ನಾರು ಕೊಟ್ಟು ತಾವು ಸೊಂಟ ನೆಟ್ಟಗೆ ಮಾಡಿಕೊಂಡಿದ್ದವರು. ಅವರ ಬಾಯಿಂದ ಏನು ಬರುತ್ತದೋ ಎಂಬ ಅಂಜಿಕೆಯಲ್ಲೇ ಸ್ಲೇಟಕ್ಕ ಆ ಸಂಜೆ ತಟ್ಟೆ ಹಾಕುತ್ತ ವಿಷಯ ಹೇಳಿದಳು. ಮೂಗಿನ ಕತೆ ಬಿಟ್ಟು ಉಳಿದದ್ದೆಲ್ಲ.

ಗಂಡ ನಕ್ಕ. "ಪಾತ್ರೆ ತೊಳೆದ್ರೆ ಕಂಪ್ಯೂಟರ್ ಬರಲ್ವಾ? ಒಳ್ಳೆ ಕತೆ."

ಅತ್ತೆ ನಗಲಿಲ್ಲ. "ಬಾ ಇಲ್ಲಿ," ಎಂದು ಸೊಸೆಯ ಬೆರಳುಗಳನ್ನು ತಮ್ಮ ಹೆಬ್ಬೆರಳಿನಿಂದ ತಡವಿದರು. ಆಮೇಲೆ ತಮ್ಮ ಕೈಯನ್ನು ಅದರ ಪಕ್ಕದಲ್ಲಿ ಮಗುಚಿ ಇಟ್ಟರು. ಎರಡೂ ಕೈಗಳನ್ನು ಬಹಳ ಹೊತ್ತು ನೋಡಿದರು. ಊಟ ಮುಗಿಸಿದರು. ಸ್ಲೇಟಕ್ಕ ರೂಢಿಯಂತೆ ತಟ್ಟೆ ಎತ್ತಲು ಹೋದಾಗ ಅತ್ತೆಯ ಕೈ ಅಡ್ಡ ಬಂತು.

"ಇಡು ಕೆಳಗೆ. ಇವತ್ತಿಂದ ಪಾತ್ರೆ ಅವನದು. ಬಟ್ಟೆ ನೆನೆಹಾಕೋದು ನಾನು, ಹಿಂಡೋದು ಅವನು."

"ಅಮ್ಮ, ನಾನು ಸ್ಟೇರಿಂಗ್ ಹಿಡಿಯೋನು. ಕೈ ಒಡೆದ್ರೆ ಹೇಗೆ?" ಎಂದ ಗಂಡ.

"ಪಾತ್ರೆ ತೊಳೆದ ಕೈಗೂ ಸ್ಟೇರಿಂಗ್ ತಿರುಗತ್ತೆ. ಇವಳು ಇಷ್ಟು ವರ್ಷ ಗೋದಾಮು ತಿರುಗಿಸಿಲ್ವಾ?"

"ಜನ ಏನಂತಾರೆ?"

"ಯಾವ ಜನ ಬಂದು ನಮ್ಮ ಸಿಂಕು ನೋಡ್ತಾರೆ? ಏಳು."

ಮರುದಿನದಿಂದ ಅತ್ತೆ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಮಗ ಪಾತ್ರೆಯ ಒಳಗಡೆ ಮಾತ್ರ ಉಜ್ಜಿ ಬೋರಲು ಹಾಕಿದರೆ, "ಹಿಂದುಗಡೆ ಯಾರು, ನಿಮ್ಮ ಡಿಪೋದವರು ಬಂದು ತೊಳೀತಾರಾ?" ಎನ್ನುತ್ತಿದ್ದರು. ಬಸ್ಸಿಗೆ ಎರಚುವ ಹಾಗೆ ನೀರು ಎರಚಿದರೆ ನೆಲ ಒರೆಸುವ ಬಟ್ಟೆಯನ್ನೂ ಅವನ ಕೈಗೇ ಕೊಡುತ್ತಿದ್ದರು. ಸ್ಲೇಟಕ್ಕ ಬಾಗಿಲಲ್ಲಿ ನಿಂತು ಏನು ಮಾಡಬೇಕೆಂದು ತಿಳಿಯದೆ ಕೈ ಹಿಸುಕಿಕೊಳ್ಳುತ್ತಿದ್ದಳು. ಖಾಲಿ ಕೈಯನ್ನು ಎಲ್ಲಿಡಬೇಕು ಎಂಬುದು ಅವಳಿಗೆ ಕಲಿಯಬೇಕಾದ ವಿದ್ಯೆಯಾಗಿತ್ತು.

"ಕೂತ್ಕೋ. ಎಣ್ಣೆ ಹಚ್ಕೋ," ಎನ್ನುತ್ತಿದ್ದರು ಅತ್ತೆ, ತಿರುಗಿಯೂ ನೋಡದೆ.

ಹೀಗೇ ಕೆಲವು ದಿನ ಆದಮೇಲೆ ಗಂಡ ಒಂದು ಸಂಜೆ ಸಿಂಕಿನ ಮುಂದೆ ನಿಂತು ಬೆರಳುಗಳನ್ನು ಮಡಚಿ ಬಿಚ್ಚಿ ಮಾಡುತ್ತಿದ್ದ.

"ಉರಿಯತ್ತೆ ಕಣೇ."

"ಹೌದಾ."

ಅವನು ನಲ್ಲಿ ನಿಲ್ಲಿಸಿ ಅವಳ ಕಡೆ ನೋಡಿದ. "ನಿನಗೂ ಉರೀತಿತ್ತಾ?"

"ಮೊದಮೊದಲು."

"ಆಮೇಲೆ?"

"ಆಮೇಲೆ ಗೊತ್ತಾಗೋದು ನಿಂತೋಯ್ತು."

ಅವನು ನಲ್ಲಿ ತಿರುಗಿಸಿ ಉಳಿದ ಪಾತ್ರೆ ತೊಳೆದ. ಅವತ್ತು ಅವು ಹಿಂದುಗಡೆಯೂ ಬೆಳ್ಳಗಿದ್ದವು.

ಗೋದಾಮಿನಲ್ಲಿ ಗಾಜು ಮೊದಲು ಗುರುತು ಹಿಡಿದದ್ದು ಅವಳ ಕಿರುಬೆರಳನ್ನು. ಪಾತ್ರೆ ಉಜ್ಜುವಾಗ ಕಿರುಬೆರಳಿಗೆ ಕೆಲಸ ಕಮ್ಮಿ, ಅದಕ್ಕೇ ಇರಬೇಕು. ಅವಳು ಕಿರುಬೆರಳು ನೀಡಿ ಗಾಜು ಮುಟ್ಟುವುದನ್ನು ಕಂಡು ಟೇಪಮ್ಮ, "ಏನಮ್ಮ ದೊಡ್ಡಮನೆ ಸೊಸೆ, ಕಾಫಿ ಕಪ್ಪು ಹಿಡಿದ ಹಾಗಿದೆ," ಎಂದಳು. ಕಿರುಬೆರಳಾದ ಮೇಲೆ ಉಂಗುರದ ಬೆರಳು, ಆಮೇಲೆ ನಡುಬೆರಳು ಕೇಳತೊಡಗಿದವು. ತೋರುಬೆರಳು ಮಾತ್ರ ಒಮ್ಮೆ ಹೂಂ ಅಂದರೆ ಒಮ್ಮೆ ಉಹೂಂ. ಕಲಿಸುವ ಹುಡುಗಿ ಬಂದಾಗಲೆಲ್ಲ ಮೊದಲು ಅವಳ ಕೈ ಹಿಡಿದು ನೋಡುತ್ತಿದ್ದಳು, ವೈದ್ಯರು ನಾಡಿ ನೋಡುವ ಹಾಗೆ.

ತಿಂಗಳ ಕೊನೆಯ ದಿನ ಮ್ಯಾನೇಜರು ಬಂದು ರ‍್ಯಾಕಿನ ಮುಂದೆ ನಿಂತರು. ಖಾನೆ ಹೇಳಿದರು. ಅವಳು ತೋರುಬೆರಳು ಇಟ್ಟಳು. ಗಾಜು ಸುಮ್ಮನಿತ್ತು. ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡರು. ಓಣಿಯ ತುದಿಯಲ್ಲಿ ನಿಂತಿದ್ದ ಹುಡುಗಿಯ ಕೈ ತನ್ನ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಸ್ಲೇಟಕ್ಕ ಬೆರಳ ತುದಿಗೆ ಮೆಲ್ಲಗೆ ಬಾಯಿಯ ಹಬೆ ಊದಿದಳು, ಅವಸರ ಮಾಡದೆ ಮತ್ತೆ ಇಟ್ಟಳು. ಪುಟ ತೆರೆಯಿತು. ಆಮೇಲೆ ಮ್ಯಾನೇಜರು ಖಾನೆ ಹೇಳುವುದೂ ಅವಳು ಮುಟ್ಟುವುದೂ ಒಂದೇ ಓಟದಲ್ಲಿ ಸಾಗಿತು. ಕೊನೆಕೊನೆಗೆ ಅವರು ಹೇಳುವುದಕ್ಕೆ ಮುಂಚೆಯೇ ಅವಳು ಮುಂದಿನ ಖಾನೆಯ ಹತ್ತಿರ ನಿಂತಿರುತ್ತಿದ್ದಳು.

"ವಯಸ್ಸಿನ ವಿಷಯ ನಾನು ಹೇಳಿದ್ದು ಮರೆತುಬಿಡಿ. ಓಣಿಗಳು ನಿಮ್ಮವೇ," ಎಂದರು ಮ್ಯಾನೇಜರು. ಹುಡುಗಿಯಿಂದ ಅವರಿಗೆ ಅಷ್ಟು ಹೊತ್ತಿಗೆ ಬೆರಳಿನ ವಿಷಯ ಗೊತ್ತಾಗಿತ್ತು. ಚಹದ ಹೊತ್ತಿನಲ್ಲಿ ಎಲ್ಲರನ್ನೂ ಪ್ಯಾಕಿಂಗ್ ಬೆಂಚಿನ ಹತ್ತಿರ ಸೇರಿಸಿ, ಹೊಸ ಟ್ಯಾಬನ್ನು ಇನ್ನು ಮುಂದೆ ಸ್ಲೇಟಕ್ಕನೇ ಉಳಿದವರಿಗೆ ಕಲಿಸುತ್ತಾರೆ ಎಂದು ಹೇಳಿ, "ನೀವೂ ಎರಡು ಮಾತಾಡಿ," ಎಂದರು.

ಅವಳಿಗೆ ಅಂಥ ಅಭ್ಯಾಸವಿರಲಿಲ್ಲ. ಸೆರಗಿನ ತುದಿ ಹಿಡಿದುಕೊಂಡು ನಿಂತಳು.

"ಈ ಹುಡುಗಿಗೆ ನಾನು ಋಣಿ. ಎಲ್ಲರೂ ನನ್ನ ತಲೆ ನೋಡ್ತಿದ್ರು, ಇವಳು ಕೈ ನೋಡಿದ್ಲು. ನಮ್ಮತ್ತೆಗೆ ಋಣಿ. ಅವರು ಒಂದೇ ಮಾತಲ್ಲಿ ಮುಗಿಸಿಬಿಟ್ರು. ಆಮೇಲೆ ನಮ್ಮ ಮನೆಯವರಿಗೆ. ಈ ತಿಂಗಳು ನಮ್ಮ ಮನೆ ಪಾತ್ರೆ, ಬಟ್ಟೆ ಎಲ್ಲಾ ಅವರೇ ನೋಡ್ಕೊಂಡಿದಾರೆ. ಅವರು ತೊಳೀದಿದ್ರೆ ಈ ಗಾಜು ನನ್ನನ್ನ ಇವತ್ತಿಗೂ ಗುರುತು ಹಿಡೀತಿರ್ಲಿಲ್ಲ."

ಬೆಂಚಿನ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಳಗಿನ ಬಸ್ಸಿನ ಚಾಲಕ ಯಾರೆಂದು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಒಬ್ಬನನ್ನು ಬಿಟ್ಟು ಎಲ್ಲರೂ ಚಪ್ಪಾಳೆ ತಟ್ಟಿದರು, ಗಂಡಸರು ಸ್ವಲ್ಪ ತಡವಾಗಿ.

ಜನ ಚದುರಿದ ಮೇಲೆ ಟೇಪಮ್ಮ ಅವಳನ್ನು ಪಕ್ಕಕ್ಕೆ ಎಳೆದಳು. ಹಲ್ಲಿನಲ್ಲಿ ಟೇಪು ಇತ್ತು, ಸಿಟ್ಟೂ ಇತ್ತು.

"ತಿಂಗಳು ತೊಳೆದೋರಿಗೆ ಸಭೇಲಿ ವಂದನೆ. ನೀನು ಮದುವೆಯಾದಾಗಿಂದ ತೊಳೆದಿದೀಯಲ್ಲ, ನಿನಗೆ ಯಾವ ಸಭೇಲಿ ಯಾರು ಹೇಳಿದ್ರೇ?"

"ಯಾರೂ ಹೇಳಿಲ್ಲ. ಗೊತ್ತಿದೆ ನನಗೆ," ಎಂದಳು ಸ್ಲೇಟಕ್ಕ. "ಆದ್ರೆ ಹೇಳದೇ ಇದ್ರೆ ಹೇಗಿರತ್ತೆ ಅಂತಾನೂ ನನಗೇ ಗೊತ್ತಿರೋದು. ಅದಕ್ಕೇ ಹೇಳ್ದೆ. ಮನಸಾರೆ ಹೇಳ್ದೆ." ಸ್ವಲ್ಪ ತಡೆದು, ದನಿ ತಗ್ಗಿಸಿ, "ಮತ್ತೆ ಇಷ್ಟು ಜನರ ಮುಂದೆ ಹೇಳಿದ್ಮೇಲೆ ಇನ್ನು ಬಿಡೋಕಾಗಲ್ಲ ಅವರಿಗೆ. ತಿಂಗಳು ಮುಗೀತು, ನನ್ನ ಕೆಲಸ ಮುಗಿದಿಲ್ವಲ್ಲ. ದಿನಾ ಮುಟ್ಬೇಕು ನಾನು ಆ ಗಾಜನ್ನ," ಎಂದಳು.

ಟೇಪಮ್ಮ ಅವಳನ್ನೇ ದಿಟ್ಟಿಸಿದಳು. ನಿಧಾನಕ್ಕೆ ಅವಳ ಮುಖದ ಸಿಟ್ಟು ಕರಗಿ ನಗುವಾಯಿತು. "ನಾಳೆ ಬಸ್ಸಲ್ಲಿ ನಾನು ಮುಂದಿನ ಸೀಟಲ್ಲಿ ಕೂರ್ತೀನಿ," ಎಂದಳು.

ಮರುದಿನ ಹೇಳಿದ ಹಾಗೇ ಕೂತಳು, ಸ್ಲೇಟಕ್ಕ ಅವಳ ಪಕ್ಕದಲ್ಲಿ. ಗೋದಾಮಿನವರು ಒಬ್ಬೊಬ್ಬರಾಗಿ ಹತ್ತುವಾಗ ಚಾಲಕನ ಕಡೆ ನೋಡಿ ಸಣ್ಣಗೆ ನಗುತ್ತಿದ್ದರು. ಅವನಿಗೆ ಏನೆಂದು ತಿಳಿಯಲಿಲ್ಲ. ಕರಿ ಹಲಗೆಯ ಕಾಲದಿಂದ ಇದ್ದ ಹಳೆಯ ಕೆಲಸಗಾರನೊಬ್ಬ ಹಿಂದಿನ ದಿನ ಚಪ್ಪಾಳೆಗೆ ಕೈ ಎತ್ತಿರಲಿಲ್ಲ. ಅವನೇ ಈಗ ಕಂಬಿ ಹಿಡಿದು ನಿಂತು ಕೇಳಿದ.

"ಏನ್ ಡ್ರೈವರ್ ಸಾಹೇಬ್ರೆ, ಪಾತ್ರೆ ಎಲ್ಲಾ ಆಯ್ತಾ?"

ಬಸ್ಸಿನಲ್ಲಿ ನಗು ಎದ್ದಿತು. ಚಾಲಕ ಕನ್ನಡಿಯಲ್ಲಿ ಹೆಂಡತಿಯ ಮುಖ ಹುಡುಕಿದ. ಅವಳು ಮುಖ ತಿರುಗಿಸಲಿಲ್ಲ, ನೆಟ್ಟಗೆ ಅವನನ್ನೇ ನೋಡುತ್ತ ಕೂತಿದ್ದಳು. ಅವನು ಗೇರು ಹಾಕಿದ.

"ಆಯ್ತು," ಎಂದ. "ಬಾಣಲೆ ಒಂದು ತಳ ಹಿಡಿದಿತ್ತು. ನೆನೆಹಾಕಿ ಬಂದಿದೀನಿ, ಸಂಜೆ ಉಜ್ಜಬೇಕು."